ಧಾರವಾಡ ಸೀಮೆಯ ಸಣ್ಣ ಗಿಡುಗ ಪತಂಗಗಳು: ಅವುಗಳ ನೆಲೆ ಹಾಗೂ ಬೆಳೆಗಳೊಡನೆ ಸಂಬಂಧ

ಮುಂಗಾರು ಮಳೆ ಹಿಡಿದು ಮೂರು ನಾಲ್ಕು ವಾರ ಕಳೆದ ಮೇಲೆ, ದೀಪ ಹಚ್ಚುವ ಹೊತ್ತಿನಲ್ಲಿ ಹಿತ್ತಲಿನ ಸಂಜೆಮಲ್ಲಿಗೆ ಗಿಡದ ಬಳಿ ಸ್ವಲ್ಪ ಹೊತ್ತು ನಿಂತವರಿಗೆ ಒಂದು ಜೀವಿ ಕಾಣಸಿಗುತ್ತದೆ. ಅದು ಹೂವಿನ ಮೇಲೆ ಕೂಡುವುದಿಲ್ಲ. ಹೂವಿನ ಮುಂದೆ ಗಾಳಿಯಲ್ಲಿಯೇ ನಿಂತು, ಉದ್ದನೆಯ ಸೊಂಡಿಲನ್ನು ಹೂವಿನ ಕೊಳವೆಯೊಳಗೆ ಇಳಿಸಿ, ಒಂದೆರಡು ಕ್ಷಣದಲ್ಲಿ ಮುಂದಿನ ಹೂವಿಗೆ ಸರಿಯುತ್ತದೆ. ರೆಕ್ಕೆಗಳು ಎಷ್ಟು ವೇಗವಾಗಿ ಬಡಿಯುತ್ತವೆಂದರೆ ಕಣ್ಣಿಗೆ ಮಬ್ಬು ಹೊಗೆಯಂತೆ ಮಾತ್ರ ತೋರುತ್ತವೆ. ಕೆಲವರು ಇದನ್ನು ಸೂರಕ್ಕಿಯ ಮರಿ ಎನ್ನುತ್ತಾರೆ, ಕೆಲವರು ದೊಡ್ಡ ದುಂಬಿ ಎನ್ನುತ್ತಾರೆ. ಎರಡೂ ಅಲ್ಲ. ಇದು ಗಿಡುಗ ಪತಂಗ.

ಇದೇ ಪತಂಗದ ಕೀಡೆಯನ್ನು ಕಾಣದ ರೈತರು ವಿರಳ. ಬೆರಳಿನಷ್ಟು ದಪ್ಪ, ನುಣುಪಾದ ಮೈ, ಹಿಂಭಾಗದ ತುದಿಯಲ್ಲಿ ಒಂದು ಕೊಂಬು. ಹೆಸರಿನ ಹೊಲದಲ್ಲಿ, ಎಳ್ಳಿನಲ್ಲಿ, ಕೆಸುವಿನ ಎಲೆಯ ಅಡಿಯಲ್ಲಿ, ಅಂಗಳದ ಕಣಗಿಲ ಗಿಡದಲ್ಲಿ ಇದು ಕಾಣುತ್ತದೆ. ಹೊಲದಲ್ಲಿ ಕೊಂಬಿನ ಹುಳು ಎಂದೂ ಸಂಜೆ ಹೂವಿನಲ್ಲಿ ವಿಚಿತ್ರ ಹಕ್ಕಿ ಎಂದೂ ತಿಳಿಯಲಾಗುವ ಎರಡು ಜೀವಿಗಳು ಒಂದೇ ಎಂಬುದು ಹಲವರಿಗೆ ಹೊಳೆದಿರುವುದಿಲ್ಲ. ಇದರಿಂದ ಆಗುವ ನಷ್ಟ ಸಣ್ಣದಲ್ಲ. ಒಂದು ಕಡೆ ಸಿಂಪಡಿಸಬೇಕಾದ ಕಾಲ ತಪ್ಪಿಹೋಗುತ್ತದೆ, ಇನ್ನೊಂದು ಕಡೆ ಬೇಡದ ಸಿಂಪರಣೆಗೆ ಹಣ ಹೋಗುತ್ತದೆ.

ಗುರುತಿಸುವ ಬಗೆ

ಗಿಡುಗ ಪತಂಗಗಳು ಸ್ಫಿಂಜಿಡೇ ಎಂಬ ಕುಟುಂಬಕ್ಕೆ ಸೇರಿದವು. ಪ್ರಪಂಚದಲ್ಲಿ ಸುಮಾರು 1,450ಕ್ಕೂ ಹೆಚ್ಚು ಜಾತಿಗಳಿವೆ. ಭಾರತದಲ್ಲಿ 200ಕ್ಕೂ ಮಿಕ್ಕಿ ಜಾತಿಗಳು ದಾಖಲಾಗಿವೆ. ದೊಡ್ಡ ಜಾತಿಗಳಲ್ಲಿ ಬಿಚ್ಚಿದ ರೆಕ್ಕೆಗಳ ಅಗಲ 10–12 ಸೆಂ.ಮೀ. ಮುಟ್ಟುತ್ತದೆ. ಸಣ್ಣ ಜಾತಿಗಳಲ್ಲಿ ಇದು 4ರಿಂದ 7 ಸೆಂ.ಮೀ. ಮಾತ್ರ. ಈ ಲೇಖನದಲ್ಲಿ ಮುಖ್ಯವಾಗಿ ಈ ಸಣ್ಣವುಗಳ ವಿಷಯ ಹೇಳಲಾಗಿದೆ. ಆದರೆ ಬೆಳೆಗೆ ಬಾಧೆ ಕೊಡುವುದರಲ್ಲಿ ದೊಡ್ಡವುಗಳೇ ಮುಂದಿರುವುದರಿಂದ ಅವುಗಳನ್ನು ಬಿಟ್ಟು ಹೇಳುವಂತಿಲ್ಲ.

ಮುಂದಿನ ರೆಕ್ಕೆಗಳು ಉದ್ದವಾಗಿ, ಕಿರಿದಾಗಿ, ಗಿಡುಗನ ರೆಕ್ಕೆಯಂತೆ ಹಿಂದಕ್ಕೆ ಬಾಗಿರುತ್ತವೆ. ಮೈ ದಪ್ಪಗಿದ್ದು ಬಾಲದ ಕಡೆಗೆ ಚೂಪಾಗುತ್ತದೆ. ಸೊಂಡಿಲನ್ನು ಬಳಸದಾಗ ಗಡಿಯಾರದ ಸ್ಪ್ರಿಂಗಿನಂತೆ ಸುತ್ತಿ ತಲೆಯ ಕೆಳಗೆ ಇಟ್ಟುಕೊಂಡಿರುತ್ತದೆ. ಹಾರುವ ಮುಂಚೆ ಕೆಲವು ನಿಮಿಷ ರೆಕ್ಕೆಗಳನ್ನು ನಡುಗಿಸಿ ಎದೆಯ ಸ್ನಾಯುಗಳನ್ನು ಬಿಸಿಮಾಡಿಕೊಳ್ಳುವುದು ಇವುಗಳ ವಿಶೇಷ. ಬೆಳಿಗ್ಗೆ ದೀಪದ ಕಂಬದ ಬುಡದಲ್ಲಿ ಸಿಕ್ಕ ಪತಂಗವನ್ನು ಮುಟ್ಟಿದರೆ ಅದು ತಟ್ಟನೆ ಹಾರದೆ ನಡುಗುತ್ತದೆ. ಭಯದಿಂದ ನಡುಗುತ್ತಿದೆ ಎಂದು ಮಕ್ಕಳು ತಿಳಿಯುತ್ತಾರೆ. ಅದು ಯಂತ್ರವನ್ನು ಬಿಸಿಮಾಡುವ ಕೆಲಸ ಅಷ್ಟೆ.

ಕೀಡೆಯನ್ನು ಗುರುತಿಸುವುದು ಇನ್ನೂ ಸುಲಭ. ರೇಷ್ಮೆ ಹುಳು ಸಾಕಿದವರು ಅದರ ಹಿಂಭಾಗದಲ್ಲಿ ಇರುವ ಸಣ್ಣ ಕೊಂಬನ್ನು ನೋಡಿರುತ್ತಾರೆ. ಗಿಡುಗ ಪತಂಗದ ಕೀಡೆಯಲ್ಲಿ ಅದೇ ಜಾಗದಲ್ಲಿ ಅದಕ್ಕಿಂತ ದೊಡ್ಡ ಕೊಂಬು ಇರುತ್ತದೆ. ಈ ಕೊಂಬು ಚುಚ್ಚುವುದಿಲ್ಲ, ಇದರಲ್ಲಿ ವಿಷವೂ ಇಲ್ಲ. ಕಂಬಳಿಹುಳು ಮುಟ್ಟಿದರೆ ಆಗುವ ತುರಿಕೆ ಇದರಿಂದ ಆಗದು. ಕಳೆ ತೆಗೆಯುವ ಹೆಣ್ಣುಮಕ್ಕಳು ಈ ಹುಳುವನ್ನು ಕಂಡು ಆ ಸಾಲನ್ನೇ ಬಿಟ್ಟು ಹೋಗುವುದುಂಟು. ಕೈಯಿಂದ ಆರಿಸಿ ತೆಗೆಯುವ ಅತಿ ಸುಲಭದ ಹತೋಟಿ ಕ್ರಮ ಈ ಅಂಜಿಕೆಯಿಂದಲೇ ಹಿಂದೆ ಬಿದ್ದಿದೆ.

ಎರಡು ಸೀಮೆಗಳ ನಡುವಿನ ನೆಲ

ಹುಬ್ಬಳ್ಳಿ–ಧಾರವಾಡ ಪ್ರದೇಶ ಮಲೆನಾಡಿಗೂ ಬಯಲುಸೀಮೆಗೂ ನಡುವೆ ಇದೆ. ಧಾರವಾಡದಿಂದ ಪಶ್ಚಿಮಕ್ಕೆ ಅಳ್ನಾವರ, ದಕ್ಷಿಣಕ್ಕೆ ಕಲಘಟಗಿಯ ಕಡೆ ಹೋದಂತೆ ಮಳೆ ಹೆಚ್ಚುತ್ತದೆ, ಭತ್ತದ ಗದ್ದೆಗಳೂ ಕುರುಚಲು ಕಾಡೂ ಸಿಗುತ್ತವೆ. ಅದರಾಚೆ ಹಳಿಯಾಳ, ಯಲ್ಲಾಪುರಗಳ ಕಾಡು. ಪೂರ್ವಕ್ಕೆ ಅಣ್ಣಿಗೇರಿ, ನವಲಗುಂದದ ಕಡೆ ತಿರುಗಿದರೆ ಮಳೆ ಕಡಿಮೆಯಾಗಿ, ಮರವೇ ಇಲ್ಲದ ಎರೆ ಭೂಮಿ ಕಣ್ಣಿಗೆ ಕಾಣುವಷ್ಟು ದೂರ ಹರಡುತ್ತದೆ. ಅವಳಿ ನಗರಗಳ ನಡುವಿನ ದೂರ ಸುಮಾರು 20 ಕಿ.ಮೀ. ಮಾತ್ರ. ಆದರೆ ಧಾರವಾಡದ ಕೆಂಪು ಮಣ್ಣಿನ ದಿಬ್ಬಗಳಿಂದ ಹುಬ್ಬಳ್ಳಿಯಾಚೆಯ ಎರೆಗೆ ಇಳಿಯುವುದರೊಳಗೆ ಗಿಡಮರಗಳೇ ಬದಲಾಗುತ್ತವೆ. ಗಿಡ ಬದಲಾದಲ್ಲಿ ಪತಂಗವೂ ಬದಲಾಗುತ್ತದೆ. ಏಕೆಂದರೆ ಗಿಡುಗ ಪತಂಗಗಳ ಕೀಡೆಗಳು ಸಿಕ್ಕ ಸಿಕ್ಕ ಎಲೆಯನ್ನು ತಿನ್ನುವುದಿಲ್ಲ. ಒಂದೊಂದು ಜಾತಿಗೆ ಗೊತ್ತಾದ ಕೆಲವೇ ಸಸ್ಯಗಳಿವೆ. ಆ ಸಸ್ಯ ಎಲ್ಲಿದೆಯೋ ಅಲ್ಲಿ ಅದರ ಮನೆ.

ಈ ಮಾತು ನಮಗೆ ಇಷ್ಟು ಖಚಿತವಾಗಿ ತಿಳಿದಿರುವುದಕ್ಕೆ ನೆರೆಯ ಉತ್ತರ ಕನ್ನಡ ಜಿಲ್ಲೆಯಲ್ಲಿ ನಡೆದ ಕೆಲಸ ಕಾರಣ. ಟಿ. ಆರ್. ಬೆಲ್ ಎಂಬ ಅರಣ್ಯಾಧಿಕಾರಿ 19ನೆಯ ಶತಮಾನದ ಕೊನೆಯ ಭಾಗದಿಂದ ಕಾರವಾರದ ಸುತ್ತಿನ ಕಾಡುಗಳಲ್ಲಿ ಚಿಟ್ಟೆ ಪತಂಗಗಳ ಕೀಡೆಗಳನ್ನು ಹುಡುಕಿ, ಅವು ಯಾವ ಗಿಡದ ಮೇಲೆ ಸಿಕ್ಕವೋ ಅದರ ಎಲೆಯನ್ನೇ ಕೊಟ್ಟು ಸಾಕಿ, ಕೋಶವಾಗಿ ಪತಂಗ ಹೊರಬರುವವರೆಗೆ ಕಾದು ಬರೆದಿಟ್ಟರು. ಜಿಲ್ಲೆಯ ಕಲೆಕ್ಟರಾಗಿದ್ದ ಡೇವಿಡ್ಸನ್ ಹಾಗೂ ಉಪ್ಪಿನ ಇಲಾಖೆಯ ಏಟ್ಕನ್ ಅವರಿಗೆ ಜೊತೆಯಾಗಿದ್ದರು. ಬೆಲ್ ಅವರು ಮೇಜರ್ ಸ್ಕಾಟ್ ಅವರೊಡನೆ ಬರೆದ ಗಿಡುಗ ಪತಂಗಗಳ ಸಂಪುಟ 1937ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಸತ್ತ ಪತಂಗಕ್ಕೆ ಸೂಜಿ ಚುಚ್ಚಿ ಪೆಟ್ಟಿಗೆಯಲ್ಲಿಟ್ಟು ಹೆಸರು ಬರೆಯುವುದೇ ವಿದ್ವತ್ತು ಎನಿಸಿಕೊಂಡಿದ್ದ ಕಾಲದಲ್ಲಿ ಯಾವ ಹುಳು ಯಾವ ಗಿಡ ತಿನ್ನುತ್ತದೆ, ಮಣ್ಣಿನಲ್ಲಿ ಎಷ್ಟು ಆಳಕ್ಕೆ ಇಳಿಯುತ್ತದೆ ಎಂದು ಅವರು ವಿವರಿಸಿದ್ದು ಕೃಷಿಗೆ ಇಂದಿಗೂ ಉಪಯೋಗಕ್ಕೆ ಬರುತ್ತಿದೆ. ಬೆಲ್ ನಿವೃತ್ತಿಯ ನಂತರವೂ ಕಾರವಾರದಲ್ಲೇ ಉಳಿದು 1948ರಲ್ಲಿ ಅಲ್ಲಿಯೇ ತೀರಿಕೊಂಡರು.

ಹಗಲಿನಲ್ಲಿ ಹಾರುವ ಸಣ್ಣವು

ಪತಂಗಗಳೆಲ್ಲ ರಾತ್ರಿಯ ಜೀವಿಗಳು ಎಂಬ ತಿಳಿವಳಿಕೆ ಪೂರ್ತಿ ನಿಜವಲ್ಲ. ಮ್ಯಾಕ್ರೊಗ್ಲಾಸಮ್ ಎಂಬ ಪಂಗಡದ ಸಣ್ಣ ಗಿಡುಗ ಪತಂಗಗಳು ಹಗಲಿನಲ್ಲೂ, ಅದರಲ್ಲೂ ಬೆಳಗಿನ ಹಾಗೂ ಇಳಿಹೊತ್ತಿನ ಬೆಳಕಿನಲ್ಲಿ, ಹೂವುಗಳಿಗೆ ಬರುತ್ತವೆ. ಬೇಲಿಯ ಲಂಟಾನಾ ಹೂವಿನ ಮುಂದೆ ಇವುಗಳನ್ನು ನೋಡುವುದು ಸುಲಭ. ರೆಕ್ಕೆಗಳ ಅಗಲ 4–6 ಸೆಂ.ಮೀ., ಮೇಲಿನ ರೆಕ್ಕೆ ಕಂದು, ಹಿಂದಿನ ರೆಕ್ಕೆಯಲ್ಲಿ ಹಳದಿ ಅಥವಾ ಕಿತ್ತಳೆ ಪಟ್ಟಿ. ಬಾಲದಲ್ಲಿ ಕೂದಲಿನ ಕುಚ್ಚು ಹಕ್ಕಿಯ ಪುಕ್ಕದಂತೆ ಬಿಚ್ಚಿಕೊಳ್ಳುತ್ತದೆ. ಹಕ್ಕಿ ಎಂದು ಭ್ರಮೆ ಹುಟ್ಟುವುದು ಈ ಕುಚ್ಚಿನಿಂದ. ಅಮೆರಿಕ ಖಂಡಗಳಲ್ಲಿ ಗಾಳಿಯಲ್ಲಿ ನಿಂತು ಮಕರಂದ ಹೀರುವ ಪುಟ್ಟ ಝೇಂಕಾರದ ಹಕ್ಕಿಗಳಿವೆ. ನಮ್ಮಲ್ಲಿ ಆ ಹಕ್ಕಿ ಇಲ್ಲ. ಆ ಕೆಲಸವನ್ನು ಅದೇ ರೀತಿಯಲ್ಲಿ ಈ ಪತಂಗ ಮಾಡುತ್ತದೆ.

ಇವುಗಳ ಕೀಡೆಗಳು ಹೆಚ್ಚಾಗಿ ಕಾಫಿ ಕುಟುಂಬಕ್ಕೆ ಸೇರಿದ ಕಾಡುಗಿಡಗಳನ್ನು ತಿನ್ನುತ್ತವೆ. ಹಿಂದೆ ಬಟ್ಟೆಗೆ ಕೆಂಪು ಬಣ್ಣ ಕೊಡಲು ಬೇರನ್ನು ಬಳಸುತ್ತಿದ್ದ ಮಡ್ಡಿ ಗಿಡ ಅವುಗಳಲ್ಲೊಂದು. ಈಗ ತೋಟಗಳಲ್ಲಿ ಬೆಳೆಸುವ ನೋನಿ ಇದೇ ಮಡ್ಡಿಯ ಜಾತಿ. ಮಡ್ಡಿ ಹೊಲದ ಬದುಗಳಲ್ಲಿ ತಾನಾಗಿ ಬೆಳೆಯುತ್ತದೆ, ಕಡಿದರೂ ಬೇರಿನಿಂದ ಚಿಗುರುತ್ತದೆ. ಹೀಗಾಗಿ ಮರ ಕಾಣದ ಎರೆ ಭೂಮಿಯ ಬದುಗಳಲ್ಲಿಯೂ ಈ ಪತಂಗಗಳಿಗೆ ಆಸರೆ ಸಿಗುತ್ತದೆ. ಬಿಸಿಲು ಏರಿದಾಗ ಇವು ಸೇತುವೆಯ ಅಡಿ, ಬಾವಿಯ ಗೋಡೆ, ಮನೆಯ ಪಡಸಾಲೆಯ ನೆರಳಿಗೆ ಬಂದು ಕೂಡುತ್ತವೆ. ಇವುಗಳಿಂದ ನಮ್ಮ ಹೊಲದ ಬೆಳೆಗಳಿಗೆ ಹೇಳಿಕೊಳ್ಳುವಂತಹ ಬಾಧೆ ಇಲ್ಲ.

ಇದಕ್ಕಿಂತ ಬೆರಗು ಹುಟ್ಟಿಸುವುದು ಗಾಜಿನ ರೆಕ್ಕೆಯ ಗಿಡುಗ ಪತಂಗ. ಶಾಸ್ತ್ರೀಯ ಹೆಸರು ಸೆಫೊನೋಡಿಸ್ ಹೈಲಾಸ್. ಹಸಿರು ಹಳದಿ ಮೈ, ಹೊಟ್ಟೆಯ ನಡುವೆ ಕೆಂಪು ಪಟ್ಟಿ, ರೆಕ್ಕೆಗಳು ಪೂರ್ತಿ ಪಾರದರ್ಶಕ. ಕೋಶದಿಂದ ಹೊರಬಂದಾಗ ಇದರ ರೆಕ್ಕೆಯ ಮೇಲೂ ಬೇರೆ ಪತಂಗಗಳಂತೆ ಬೂದು ಹುಡಿ ಇರುತ್ತದೆ. ಮೊದಲ ಬಾರಿ ರೆಕ್ಕೆ ಬಡಿದು ಹಾರಿದಾಗ ಆ ಹುಡಿಯೆಲ್ಲ ಉದುರಿಹೋಗಿ ಗಾಜಿನಂತಹ ಪೊರೆ ಉಳಿಯುತ್ತದೆ. ಆಮೇಲೆ ನೋಡಿದವರಿಗೆ ಅದು ಕಣಜ ಅಥವಾ ಭ್ರಮರದಂತೆ ಕಾಣುತ್ತದೆ. ಹಕ್ಕಿಗಳೂ ಹಾಗೆಯೇ ಮೋಸ ಹೋಗಿ ಬಿಟ್ಟುಬಿಡುತ್ತವೆ. ಇದರ ಕೀಡೆ ಕಾರೆ, ಬಿಕ್ಕೆ ಮುಂತಾದ ಗಿಡಗಳ ಎಲೆ ತಿನ್ನುತ್ತದೆ. ಕಲಘಟಗಿಯ ಕಡೆಯ ಕುರುಚಲು ಗುಡ್ಡಗಳಲ್ಲಿ ಈ ಗಿಡಗಳಿಗೆ ಕೊರತೆಯಿಲ್ಲ. ಕೊಡಗು, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಇದು ಕಾಫಿ ಎಲೆಯನ್ನೂ ತಿನ್ನುವುದುಂಟು.

ಸಂಜೆ ಹಾಗೂ ರಾತ್ರಿ ಹಾರುವವು

ಮನೆಯ ಹತ್ತಿರ ಅತಿ ಹೆಚ್ಚಾಗಿ ಕಾಣುವವು ಹಿಪೊಟಿಯಾನ್ ಮತ್ತು ಥೆರೆಟ್ರಾ ಪಂಗಡದವು. ಹಿಪೊಟಿಯಾನ್ ಪಂಗಡದ ಕೆಲವು ಜಾತಿಗಳು 5–6 ಸೆಂ.ಮೀ. ಮೀರುವುದಿಲ್ಲ. ಹಿಂದಿನ ರೆಕ್ಕೆ ಗುಲಾಬಿ ಕೆಂಪು, ಮುಂದಿನ ರೆಕ್ಕೆ ಒಣ ಎಲೆಯ ಬಣ್ಣ. ಕೂತಾಗ ಗುಲಾಬಿ ಬಣ್ಣ ಮರೆಯಾಗಿ ಒಣಗಿದ ಎಲೆಯೊಂದು ಬಿದ್ದಂತೆ ತೋರುತ್ತದೆ. ಪುನರ್ನವ ಎಂದೂ ಕರೆಯುವ ಕೊಮ್ಮೆ ಈ ಪಂಗಡದ ಕೀಡೆಗಳಿಗೆ ಆಹಾರ. ಕೊಮ್ಮೆ ಬೆಳೆಯದ ಕಣ, ಬೆಳೆಯದ ಹಾದಿ ಧಾರವಾಡ ಜಿಲ್ಲೆಯಲ್ಲಿ ಎಲ್ಲಿದೆ? ರಸ್ತೆ ಬದಿಯ ಈ ಕಳೆಯೇ ಸಾಕು, ನಗರದ ನಡುವೆಯೂ ಇವು ಸಂಸಾರ ನಡೆಸುತ್ತವೆ.

ಹಿಪೊಟಿಯಾನ್ ಸೆಲೆರಿಯೊ ಎಂಬುದು ಇವುಗಳಲ್ಲಿ ಸ್ವಲ್ಪ ದೊಡ್ಡದು, 6–8 ಸೆಂ.ಮೀ. ಮುಂದಿನ ರೆಕ್ಕೆಯಲ್ಲಿ ಬೆಳ್ಳಿಯ ಗೆರೆ. ಇದು ಕೆಸು, ದ್ರಾಕ್ಷಿ, ಕೊಮ್ಮೆಗಳ ಮೇಲೆ ತತ್ತಿ ಇಡುತ್ತದೆ. ವಿಜಯಪುರ, ಬಾಗಲಕೋಟೆ, ಅಥಣಿಯ ಕಡೆಯ ದ್ರಾಕ್ಷಿ ಬೆಳೆಗಾರರು ಮಳೆಗಾಲದಲ್ಲಿ ಇದರ ಕೀಡೆಯನ್ನು ನೋಡಿರುತ್ತಾರೆ. ಒಂದೊಂದು ಕುಡಿಯ ಎಲೆಗಳು ದೇಟು ಮಾತ್ರ ಉಳಿದು ಮಾಯವಾಗಿರುತ್ತವೆ. ಈ ಪತಂಗ ಬಲು ದೂರ ವಲಸೆ ಹೋಗುತ್ತದೆ. ಆಫ್ರಿಕದಿಂದ ಹೊರಟ ಪತಂಗಗಳು ಯುರೋಪಿನವರೆಗೆ ಹಾರಿಹೋಗುತ್ತವೆ.

ಥೆರೆಟ್ರಾ ಓಲ್ಡನ್‌ಲ್ಯಾಂಡಿಯೇ ಎಂಬ ಇನ್ನೊಂದು ಸಣ್ಣ ಜಾತಿ ಕರ್ಣಕುಂಡಲ ಗಿಡವನ್ನೂ ಕೆಸುವನ್ನೂ ತಿನ್ನುತ್ತದೆ. ಶ್ರಾವಣದಲ್ಲಿ ಹಿತ್ತಲಿನ ಕರ್ಣಕುಂಡಲ ಹೂವಿಗೆ ಬರುವ ಹೊತ್ತಿಗೆ ಗಿಡದಲ್ಲಿ ಎಲೆಯೇ ಇಲ್ಲದಂತಾಗಿದ್ದರೆ ಕಾಂಡದ ಮೇಲೆ ಕಪ್ಪು ಮೈಯ, ಪಕ್ಕಗಳಲ್ಲಿ ಬಣ್ಣದ ಕಣ್ಣಿನಂತಹ ಮಚ್ಚೆಗಳ ಸಾಲಿರುವ ಕೀಡೆಯನ್ನು ಹುಡುಕಬೇಕು. ಈ ಎರಡೂ ಪಂಗಡಗಳ ಕೀಡೆಗಳಿಗೆ ಹೆದರಿಸುವ ಒಂದು ಉಪಾಯವಿದೆ. ಮುಟ್ಟಿದಾಗ ತಲೆಯನ್ನು ಒಳಕ್ಕೆ ಎಳೆದುಕೊಂಡು ಮುಂಭಾಗವನ್ನು ಉಬ್ಬಿಸುತ್ತವೆ. ಆಗ ಕಣ್ಣಿನ ಮಚ್ಚೆಗಳು ಅಗಲವಾಗಿ ಪುಟ್ಟ ಹಾವಿನ ತಲೆಯೇ ಎದುರಾದಂತೆ ಕಾಣುತ್ತದೆ. ಕಣಗಿಲ ಮತ್ತು ನಂದಿಬಟ್ಟಲು ಗಿಡಗಳ ಮೇಲೆ ಬೆಳೆಯುವ ದೊಡ್ಡ ಹಸಿರು ಕೀಡೆಯದೂ ಇದೇ ವಿದ್ಯೆ. ಕಣಗಿಲದ ಎಲೆ ದನಕರುಗಳಿಗೆ ವಿಷ. ಈ ಕೀಡೆ ಅದನ್ನೇ ತಿಂದು ಕೊಬ್ಬುತ್ತದೆ.

ಬೇಸಿಗೆಯಲ್ಲಿ ಧಾರವಾಡದ ಪೇಟೆಗೆ ಬುಟ್ಟಿಗಳಲ್ಲಿ ಬರುವ ಕವಳಿ ಹಣ್ಣು ಎಲ್ಲರಿಗೂ ಗೊತ್ತು. ಕವಳಿಯ ಮುಳ್ಳುಪೊದೆ ನೆಫೆಲೆ ಹೆಸ್ಪೆರಾ ಎಂಬ ಕಂದು ಗಿಡುಗ ಪತಂಗದ ಮನೆ. ಕವಳಿ ಪೊದೆ ಇರುವ ಗುಡ್ಡಗಳಲ್ಲಿ ಇದು ಸಾಮಾನ್ಯ. ಗುಡ್ಡ ಕಡಿದು ಸಾಗುವಳಿಗೆ ತಂದ ಕಡೆ ಹಣ್ಣೂ ಇಲ್ಲ, ಪತಂಗವೂ ಇಲ್ಲ.

ಜೀವನಚಕ್ರ

ಹೆಣ್ಣು ಪತಂಗ ತತ್ತಿಗಳನ್ನು ಗುಂಪಾಗಿ ಇಡುವುದಿಲ್ಲ. ಎಲೆಯ ಕೆಳಗೆ ಒಂದೊಂದಾಗಿ, ಸಣ್ಣ ಸಾಸಿವೆ ಕಾಳಿನಷ್ಟು ಗಾತ್ರದ ದುಂಡನೆಯ ಹಸಿರು ತತ್ತಿಗಳನ್ನು ಅಂಟಿಸುತ್ತದೆ. ಕೆಲವೇ ದಿನಗಳಲ್ಲಿ ಒಡೆದು ಹೊರಬರುವ ಕೀಡೆಗೆ ಮೈಗಿಂತ ಕೊಂಬೇ ದೊಡ್ಡದೇನೋ ಎನಿಸುತ್ತದೆ. ಅದು ನಾಲ್ಕು ಸಲ ಪೊರೆ ಬಿಟ್ಟು ಐದು ಹಂತಗಳಲ್ಲಿ ಬೆಳೆದು, ಎರಡು ಮೂರು ವಾರಗಳಲ್ಲಿ ಪೂರ್ತಿ ಬಲಿಯುತ್ತದೆ.

ಇಲ್ಲಿ ಒಂದು ಅಂಶವನ್ನು ರೈತರು ವಿಶೇಷವಾಗಿ ಗಮನಿಸಬೇಕು. ಮೊದಲ ಮೂರು ಹಂತಗಳಲ್ಲಿ ಕೀಡೆ ತಿನ್ನುವ ಎಲೆ ಅತ್ಯಲ್ಪ. ಜೀವಮಾನದಲ್ಲಿ ತಿನ್ನುವುದರಲ್ಲಿ ಬಹುಪಾಲನ್ನು ಅದು ಕೊನೆಯ ಹಂತದ ನಾಲ್ಕಾರು ದಿನಗಳಲ್ಲಿಯೇ ತಿಂದು ಮುಗಿಸುತ್ತದೆ. ಹೀಗಾಗಿ ನಿನ್ನೆ ಚೆನ್ನಾಗಿದ್ದ ಹೊಲ ಇಂದು ಬೋಳಾಯಿತು ಎನ್ನುವ ಮಾತು ಕೇಳಿಬರುತ್ತದೆ. ಹುಳು ನಿನ್ನೆ ಬಂದದ್ದಲ್ಲ. ಎರಡು ವಾರಗಳಿಂದ ಅಲ್ಲಿಯೇ ಇತ್ತು, ಹಸಿರು ಎಲೆಯಲ್ಲಿ ಹಸಿರಾಗಿ ಅಡಗಿತ್ತು.

ಬಲಿತ ಕೀಡೆ ತಿನ್ನುವುದನ್ನು ನಿಲ್ಲಿಸಿ, ಬಣ್ಣ ಮಾಸಿ, ಗಿಡದಿಂದ ಇಳಿದು ಜಾಗ ಹುಡುಕುತ್ತ ನೆಲದ ಮೇಲೆ ಹರಿದಾಡುತ್ತದೆ. ಹೆಸರು, ಗೆಣಸು, ಎಳ್ಳಿನ ಮೇಲಿನ ದೊಡ್ಡ ಜಾತಿಗಳು ಮಣ್ಣಿನೊಳಗೆ ಕೆಲವು ಅಂಗುಲ ಇಳಿದು ಗೂಡು ಮಾಡಿಕೊಂಡು ಕೋಶವಾಗುತ್ತವೆ. ಗೆಣಸಿನ ಗಿಡುಗ ಪತಂಗದ ಕೋಶವನ್ನು ಗುರುತಿಸುವುದು ಸುಲಭ. ಸೊಂಡಿಲಿನ ಒರೆ ಕೊಡದ ಹಿಡಿಕೆಯಂತೆ ಹೊರಗೆ ಬಾಗಿಕೊಂಡಿರುತ್ತದೆ. ಸಣ್ಣ ಜಾತಿಗಳಾದ ಹಿಪೊಟಿಯಾನ್, ಥೆರೆಟ್ರಾ, ಮ್ಯಾಕ್ರೊಗ್ಲಾಸಮ್‌ಗಳು ಇಷ್ಟು ಕಷ್ಟಪಡುವುದಿಲ್ಲ. ನೆಲದ ಮೇಲೆಯೇ ಒಣ ಎಲೆ, ಕಸಕಡ್ಡಿಗಳನ್ನು ಸಡಿಲವಾದ ನೂಲಿನಿಂದ ಕೂಡಿಸಿ ಅದರೊಳಗೆ ಕೋಶವಾಗುತ್ತವೆ. ಈ ಭೇದ ತಿಳಿದಿರಬೇಕು. ದ್ರಾಕ್ಷಿ ತೋಟದಲ್ಲಾಗಲಿ ಕೆಸುವಿನ ಪಾತಿಯಲ್ಲಾಗಲಿ ಆಳವಾಗಿ ಅಗೆದು ಪ್ರಯೋಜನವಿಲ್ಲ, ಬುಡದ ಕಸ ಗುಡಿಸಿ ತೆಗೆದರೆ ಕೋಶಗಳೂ ಹೋಗುತ್ತವೆ. ಹೆಸರಿನ ಹೊಲದಲ್ಲಿ ಕಸ ಗುಡಿಸಿ ಏನೂ ಆಗದು, ಅಲ್ಲಿ ನೇಗಿಲೇ ಬೇಕು.

ಮಳೆಗಾಲದಲ್ಲಿ ಎರಡು ಮೂರು ವಾರಗಳಲ್ಲಿ ಕೋಶದಿಂದ ಪತಂಗ ಹೊರಬರುತ್ತದೆ. ಮಳೆ ನಿಂತ ಮೇಲೆ ಆದ ಕೋಶಗಳು ಮಣ್ಣಿನೊಳಗೆ ತಿಂಗಳುಗಟ್ಟಲೆ ಸುಮ್ಮನಿದ್ದು ಮುಂದಿನ ಮುಂಗಾರಿಗೆ ಎಚ್ಚರಗೊಳ್ಳುವುದುಂಟು.

ಹೆಸರಿನ ಹೊಲದಲ್ಲಿ

ಉತ್ತರ ಕರ್ನಾಟಕದ ಎರೆ ಭೂಮಿಯಲ್ಲಿ ಮುಂಗಾರಿಗೆ ಹೆಸರು ಬಿತ್ತಿ, ಅದು ಬಂದ ಮೇಲೆ ಹಿಂಗಾರಿಗೆ ಜೋಳ, ಕಡಲೆ ಅಥವಾ ಗೋಧಿ ಬಿತ್ತುವ ರೂಢಿ ಇದೆ. ನವಲಗುಂದ, ಅಣ್ಣಿಗೇರಿ, ಕುಂದಗೋಳ, ಹುಬ್ಬಳ್ಳಿ ತಾಲೂಕುಗಳಲ್ಲಿ ಹೆಸರು ಎಂದರೆ ವರ್ಷದ ಮೊದಲ ದುಡ್ಡು. ಅಗ್ರಿಯಸ್ ಕನ್ವಾಲ್ವುಲೈ ಎಂಬ ದೊಡ್ಡ ಗಿಡುಗ ಪತಂಗದ ಕೀಡೆ ಗೆಣಸನ್ನೂ ಅದರ ಜಾತಿಯ ಕಾಡುಬಳ್ಳಿಗಳನ್ನೂ ತಿನ್ನುವುದು ಎಲ್ಲ ದೇಶಗಳಲ್ಲಿ ಕಂಡ ವಿಷಯ. ಅದೇ ಕೀಡೆ ಕೆಲವು ವರ್ಷ ಹೆಸರು ಮತ್ತು ಉದ್ದಿನ ಮೇಲೆ ದೊಡ್ಡ ಪ್ರಮಾಣದಲ್ಲಿ ಬೀಳುತ್ತದೆ. ಕೆಲವು ವರ್ಷ ಹುಡುಕಿದರೂ ಸಿಗುವುದಿಲ್ಲ. ಬಾಧೆ ತೀವ್ರವಾದಾಗ ಎಲೆಯೆಲ್ಲ ಹೋಗಿ ಕಾಂಡ ಮತ್ತು ಕಾಯಿ ಮಾತ್ರ ನಿಲ್ಲುತ್ತವೆ. ಆಹಾರ ಮುಗಿದ ಕೀಡೆಗಳು ಬದು ದಾಟಿ ಪಕ್ಕದ ಹೊಲಕ್ಕೂ ನಡೆಯುತ್ತವೆ.

ಇಂತಹ ಸಂದರ್ಭದಲ್ಲಿ ಆಗುವ ತಪ್ಪು ಒಂದೇ ಬಗೆಯದು. ಹುಳು ಬೆರಳು ಗಾತ್ರವಾಗಿ ದಾರಿಯಲ್ಲಿ ಹರಿದಾಡುವುದನ್ನು ಕಂಡ ಮೇಲೆ ರೈತ ಪೇಟೆಗೆ ಓಡುತ್ತಾನೆ. ಅಂಗಡಿಯಲ್ಲಿ ಕೊಟ್ಟ ಔಷಧವನ್ನು, ಕೆಲವೊಮ್ಮೆ ಎರಡು ಮೂರು ಬೆರೆಸಿ, ಹೊಡೆಯುತ್ತಾನೆ. ಎರಡು ದಿನದಲ್ಲಿ ಹುಳು ಕಾಣುವುದಿಲ್ಲ. ಔಷಧ ಕೆಲಸ ಮಾಡಿತು ಎಂದು ನಂಬಿಕೆ ಬರುತ್ತದೆ. ಆದರೆ ದಾರಿಯಲ್ಲಿ ಹರಿದಾಡುವ ಹುಳು ಊಟ ಮುಗಿಸಿದ ಹುಳು. ಔಷಧ ಹೊಡೆಯದಿದ್ದರೂ ಅದು ಎರಡು ದಿನದಲ್ಲಿ ಮಣ್ಣಿಗೆ ಇಳಿಯುತ್ತಿತ್ತು. ಬಲಿತ ಕೀಡೆ ಔಷಧಕ್ಕೆ ಸುಲಭವಾಗಿ ಸಾಯುವುದೂ ಇಲ್ಲ. ಖರ್ಚಾದದ್ದು ರೈತನ ಹಣ, ಸತ್ತದ್ದು ಹೊಲದಲ್ಲಿದ್ದ ಮಿತ್ರಕೀಟಗಳು.

ಆದ್ದರಿಂದ ಬಿತ್ತನೆಯಾಗಿ ಮೂರು ವಾರ ಕಳೆದಲ್ಲಿಂದ ವಾರಕ್ಕೆ ಎರಡು ಸಲ ಹೊಲ ಸುತ್ತಿ ಎಲೆಯ ಕೆಳಭಾಗ ನೋಡಬೇಕು. ಹುಳು ಕಾಣದಿದ್ದರೆ ಹಿಕ್ಕೆಯನ್ನು ಹುಡುಕಬೇಕು. ಈ ಕೀಡೆಯ ಹಿಕ್ಕೆ ದಪ್ಪ, ಕಪ್ಪು ಹಸಿರು, ಪೀಪಾಯಿಯ ಆಕಾರ, ಮೇಲೆ ಉದ್ದಕ್ಕೆ ಗೆರೆಗಳು. ಗಿಡದ ಬುಡದಲ್ಲಿ ಅದು ಬಿದ್ದಿದ್ದರೆ ನೇರ ಮೇಲಿನ ರೆಂಬೆಯಲ್ಲಿ ಹುಳು ಇದ್ದೇ ಇರುತ್ತದೆ. ಬಾಧೆ ಅಲ್ಲಲ್ಲಿ ಇದ್ದಾಗ ಆರಿಸಿ ತೆಗೆಯುವುದೇ ಸಾಕು. ಕೀಡೆಗಳು ಇನ್ನೂ ಸಣ್ಣವಿದ್ದು ಎಲ್ಲ ಕಡೆ ಹರಡಿದ್ದರೆ ಶೇ. 5ರ ಬೇವಿನ ಬೀಜದ ಕಷಾಯ ಸಿಂಪಡಿಸಬಹುದು. 5 ಕಿ.ಗ್ರಾಂ. ಬೇವಿನ ಬೀಜದ ಪುಡಿಯನ್ನು ಬಟ್ಟೆಯಲ್ಲಿ ಕಟ್ಟಿ ರಾತ್ರಿ ನೀರಿನಲ್ಲಿ ನೆನೆಯಿಟ್ಟು, ಬೆಳಿಗ್ಗೆ ಚೆನ್ನಾಗಿ ಹಿಂಡಿ, ಸೋಸಿ, ಸ್ವಲ್ಪ ಸೋಪಿನ ನೀರು ಬೆರೆಸಿ ಒಟ್ಟು 100 ಲೀಟರ್ ಮಾಡಿಕೊಂಡು ಸಂಜೆಯ ಹೊತ್ತು ಹೊಡೆಯಬೇಕು. ಬೆರಳು ದಪ್ಪದ ಹುಳುವಿಗೆ ಇದು ನಾಟದು. ರಾಸಾಯನಿಕ ಔಷಧ ಬೇಕೇ ಬೇಕು ಎನಿಸಿದಾಗ ಅಂಗಡಿಯವರ ಮಾತಿಗಿಂತ ರೈತ ಸಂಪರ್ಕ ಕೇಂದ್ರ ಅಥವಾ ಕೃಷಿ ವಿಜ್ಞಾನ ಕೇಂದ್ರದ ಸಲಹೆ ಪಡೆಯುವುದು ಒಳ್ಳೆಯದು. ಹಿಂದೆ ಶಿಫಾರಸಾಗುತ್ತಿದ್ದ ಹಲವು ಔಷಧಗಳು ಈಗ ನಿಷೇಧವಾಗಿವೆ. ಕಾಯಿ ಬಲಿತು ಕೊಯ್ಲಿಗೆ ಬಂದ ಹೆಸರಿಗೆ ಎಲೆ ಹೋದರೂ ಔಷಧ ಹೊಡೆಯುವ ಕಾರಣವಿಲ್ಲ.

ಕೀಡೆಯ ಮೈಮೇಲೆ ಅಕ್ಕಿಕಾಳಿನಂತಹ ಬಿಳಿಯ ಗೂಡುಗಳು ಅಂಟಿಕೊಂಡಿದ್ದರೆ ಅದನ್ನು ಕೊಲ್ಲಬಾರದು. ಅವು ತತ್ತಿಗಳೆಂದು ತಿಳಿದು ಹೊಸಕಿಹಾಕುವವರೇ ಹೆಚ್ಚು. ಅವು ಅಪಾಂಟೆಲಿಸ್ ಎಂಬ ಪರತಂತ್ರ ಕಣಜದ ಗೂಡುಗಳು. ಕಣಜದ ಮರಿಗಳು ಕೀಡೆಯನ್ನು ಒಳಗಿನಿಂದ ತಿಂದು ಹೊರಬಂದು ಗೂಡು ಕಟ್ಟಿವೆ. ಆ ಹುಳು ಬದುಕಿದ್ದರೂ ಸತ್ತಂತೆಯೇ, ಮತ್ತೆ ಪತಂಗವಾಗದು. ಅದನ್ನು ಹೊಲದಲ್ಲಿಯೇ ಬಿಟ್ಟರೆ ಹತ್ತಾರು ಕಣಜಗಳು ಹೊರಬಿದ್ದು ಬೇರೆ ಕೀಡೆಗಳನ್ನು ಹುಡುಕುತ್ತವೆ. ತತ್ತಿಯೊಳಗೆ ಬೆಳೆಯುವ ಸೂಕ್ಷ್ಮ ಕಣಜಗಳೂ, ಕೀಡೆಯ ಮೇಲೆ ತತ್ತಿ ಇಡುವ ನೊಣಗಳೂ ಇವೆ.

ಬೆಳೆ ಕೊಯ್ದ ಹೊಲವನ್ನು ಹಿಂಗಾರಿ ಬಿತ್ತನೆಗೆ ಹದ ಮಾಡುವಾಗ ಆಳವಾಗಿ ಉಳುಮೆ ಮಾಡಿದರೆ ಕೋಶಗಳು ಮೇಲಕ್ಕೆ ಬೀಳುತ್ತವೆ. ನೇಗಿಲ ಹಿಂದೆ ನಡೆಯುವ ಬೆಳ್ಳಕ್ಕಿ, ಕಾಗೆ, ಗೊರವಂಕಗಳು ಉಳಿದ ಕೆಲಸ ಮಾಡುತ್ತವೆ. ನಿಂತ ಬೆಳೆಯಲ್ಲಿ ಹಕ್ಕಿ ಕೂಡಲು ಅಲ್ಲಲ್ಲಿ ಕವಲುಕೋಲು ನೆಟ್ಟರೂ ಪ್ರಯೋಜನವಿದೆ. ಎಳ್ಳು, ಬದನೆ, ಅವರೆಗಳ ಮೇಲೆ ಬರುವ ಅಕೆರಾಂಶಿಯಾ ಸ್ಟಿಕ್ಸ್ ಜಾತಿಗೂ ಈ ಕ್ರಮಗಳೇ ಸಾಕು. ಬೆನ್ನ ಮೇಲೆ ತಲೆಬುರುಡೆಯ ಗುರುತಿರುವ ಈ ಪತಂಗ ಹಿಡಿದರೆ ಕೀಚ್ ಎಂದು ಕೂಗುತ್ತದೆ, ರಾತ್ರಿ ಜೇನುಗೂಡಿಗೆ ನುಗ್ಗಿ ಜೇನು ಕದಿಯುತ್ತದೆ. ತುಡುವೆ ಜೇನು ಸಾಕುವವರು ಪೆಟ್ಟಿಗೆಯ ಬಾಗಿಲನ್ನು ಕಿರಿದಾಗಿಟ್ಟರೆ ಅದು ಒಳಗೆ ಹೋಗಲಾರದು.

ಪಪ್ಪಾಯಿ ಕಾಯಿ ಕಟ್ಟುವುದು ಯಾರಿಂದ?

ಗಿಡುಗ ಪತಂಗಗಳ ಇನ್ನೊಂದು ಮುಖ ತೋಟದಲ್ಲಿ ಕಾಣುತ್ತದೆ. ಗಂಡು ಹೆಣ್ಣು ಗಿಡಗಳು ಬೇರೆ ಬೇರೆ ಇರುವ ಪಪ್ಪಾಯಿ ತಳಿಗಳಲ್ಲಿ ಗಂಡು ಹೂವಿನ ಪರಾಗ ಹೆಣ್ಣು ಹೂವಿಗೆ ತಲುಪದೆ ಬೀಜದ ಒಳ್ಳೆಯ ಕಾಯಿ ಕಟ್ಟದು. ಪಪ್ಪಾಯಿ ಹೂವಿನ ವಾಸನೆ ಹೊರಬೀಳುವುದು ಸಂಜೆ. ಗಂಡು ಹೂವಿನ ಉದ್ದ ಕೊಳವೆಯ ತಳದಲ್ಲಿ ಮಕರಂದವಿರುತ್ತದೆ. ಹೆಣ್ಣು ಹೂವಿನಲ್ಲಿ ಮಕರಂದವೇ ಇಲ್ಲ. ಕತ್ತಲಲ್ಲಿ ವೇಗವಾಗಿ ಹೂವಿನಿಂದ ಹೂವಿಗೆ ಹೋಗುವ ಪತಂಗ ತಪ್ಪು ತಿಳಿದು ಹೆಣ್ಣು ಹೂವಿಗೂ ಸೊಂಡಿಲು ಹಾಕುತ್ತದೆ, ಏನೂ ಸಿಗದೆ ಮುಂದೆ ಹೋಗುತ್ತದೆ. ಅಷ್ಟರಲ್ಲಿ ಪರಾಗ ಅಂಟಿರುತ್ತದೆ. ಕೀನ್ಯಾ ದೇಶದಲ್ಲಿ ನಡೆದ ಅಧ್ಯಯನದಲ್ಲಿ ಪಪ್ಪಾಯಿಗೆ ಪರಾಗ ಒಯ್ಯುವ ಮುಖ್ಯ ಕೀಟಗಳು ಗಿಡುಗ ಪತಂಗಗಳೇ ಎಂದು ತಿಳಿದುಬಂದಿದೆ. ಮೇಲೆ ಹೇಳಿದ ಹಿಪೊಟಿಯಾನ್ ಸೆಲೆರಿಯೊ ಅಲ್ಲಿಯೂ ಇದೆ.

ಹಿತ್ತಲಿನ ಹೆಣ್ಣು ಪಪ್ಪಾಯಿಯಲ್ಲಿ ಹೂ ಬಿಟ್ಟು ಉದುರಿಹೋಗುತ್ತಿದ್ದರೆ ಗೊಬ್ಬರದ ಕೊರತೆ ಎಂದು ತಿಳಿಯುವ ಮೊದಲು ಹತ್ತಿರದಲ್ಲಿ ಗಂಡು ಗಿಡ ಇದೆಯೇ ಎಂದು ನೋಡಬೇಕು. ಕಾಯಿ ಬಿಡದ್ದು ಎಂದು ಗಂಡು ಗಿಡಗಳನ್ನೆಲ್ಲ ಕಡಿದುಹಾಕುವುದುಂಟು. ಹತ್ತು ಹೆಣ್ಣು ಗಿಡಕ್ಕೆ ಒಂದು ಗಂಡು ಗಿಡ ಉಳಿಸಬೇಕು. ಗಂಡು ಗಿಡ ಇದ್ದೂ ಕಾಯಿ ಕಟ್ಟದಿದ್ದರೆ ಸಂಜೆ ಹೂವಿಗೆ ಯಾರು ಬರುತ್ತಿದ್ದಾರೆ ಎಂದು ಒಂದೆರಡು ದಿನ ಕಾದು ನೋಡುವುದು ಒಳ್ಳೆಯದು. ಎರಡು ಲಿಂಗದ ಹೂ ಬಿಡುವ, ತಾನೇ ಕಾಯಿ ಕಟ್ಟುವ ಈಗಿನ ವಾಣಿಜ್ಯ ತಳಿಗಳಿಗೆ ಈ ಚಿಂತೆ ಇಲ್ಲ.

ಪಾರಿಜಾತ, ಆಕಾಶಮಲ್ಲಿಗೆ, ಮದಗುಣಕಿಗಳಂತಹ ಬಿಳಿಯ, ಸುವಾಸನೆಯ, ಉದ್ದ ಕೊಳವೆಯ ಹೂವುಗಳೂ ಸಂಜೆ ಅರಳುವುದು ಈ ಅತಿಥಿಗಾಗಿಯೇ. ಮಡಗಾಸ್ಕರಿನ ಒಂದು ಆರ್ಕಿಡ್ ಹೂವಿನ ಕೊಳವೆ ಸುಮಾರು 30 ಸೆಂ.ಮೀ. ಉದ್ದವಿರುವುದನ್ನು ನೋಡಿ, ಅಷ್ಟು ಉದ್ದ ಸೊಂಡಿಲಿನ ಪತಂಗ ಅಲ್ಲಿ ಇರಲೇಬೇಕು ಎಂದು ಡಾರ್ವಿನ್ 1862ರಲ್ಲಿ ಬರೆದಾಗ ಕೆಲವರು ನಕ್ಕಿದ್ದರು. ಅಂತಹ ಗಿಡುಗ ಪತಂಗವನ್ನು 1903ರಲ್ಲಿ ವಿವರಿಸಲಾಯಿತು. ಡಾರ್ವಿನ್ ತೀರಿಕೊಂಡು ಆಗ 21 ವರ್ಷವಾಗಿತ್ತು.

ಸಾಕಿ ನೋಡುವ ಕ್ರಮ

ಯಾವ ಕೀಡೆಯಿಂದ ಯಾವ ಪತಂಗ ಬರುತ್ತದೆ ಎಂಬುದನ್ನು ತಿಳಿಯಲು ಪ್ರಯೋಗಶಾಲೆ ಬೇಕಿಲ್ಲ. ಗ್ರಾಮಸೇವಕರೂ ಶಾಲೆಯ ಶಿಕ್ಷಕರೂ ಇದನ್ನು ಸುಲಭವಾಗಿ ಮಾಡಬಹುದು. ಹಳೆಯ ಮಡಕೆಯೊಂದರಲ್ಲಿ ನಾಲ್ಕು ಅಂಗುಲ ಸಡಿಲ ಮಣ್ಣು ಹಾಕಿ, ಸ್ವಲ್ಪ ತೇವ ಮಾಡಿ, ಮೇಲೆ ಒಂದು ಹಿಡಿ ಒಣ ಎಲೆ ಹರಡಬೇಕು. ಕೀಡೆ ಸಿಕ್ಕ ಗಿಡದ ಟೊಂಗೆಯನ್ನು ನೀರಿನ ಸಣ್ಣ ಶೀಶೆಯಲ್ಲಿ ನಿಲ್ಲಿಸಿ ಒಳಗಿಟ್ಟು, ಬಾಯಿಗೆ ತೆಳು ಬಟ್ಟೆ ಕಟ್ಟಬೇಕು. ಶೀಶೆಯ ಬಾಯಿಗೆ ಅರಳೆ ತುರುಕದಿದ್ದರೆ ಕೀಡೆ ನೀರಿಗೆ ಬೀಳುತ್ತದೆ. ದಿನವೂ ಎಲೆ ಬದಲಿಸಿ ಹಿಕ್ಕೆ ತೆಗೆಯಬೇಕು. ಬೇರೆ ಗಿಡದ ಎಲೆ ಕೊಟ್ಟರೆ ಅದು ಮುಟ್ಟದೆ ಸಾಯುತ್ತದೆ, ಆದ್ದರಿಂದ ಗಿಡದ ಹೆಸರನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು. ಕೀಡೆ ಮಣ್ಣಿಗೋ ಎಲೆಯ ಕಸದೊಳಗೋ ಇಳಿದ ತಾರೀಖನ್ನೂ ಬರೆಯಬೇಕು. ಆಮೇಲೆ ಮಣ್ಣನ್ನು ಕೆದಕದೆ, ವಾರಕ್ಕೊಮ್ಮೆ ನೀರು ಚಿಮುಕಿಸಿ, ಪತಂಗ ಹತ್ತಿ ರೆಕ್ಕೆ ಬಿಚ್ಚಲು ಒಂದು ಒರಟು ಕಡ್ಡಿಯನ್ನು ಓರೆಯಾಗಿ ನಿಲ್ಲಿಸಿದರೆ ಸಾಕು. ಕೋಶದಿಂದ ಪತಂಗದ ಬದಲು ನೊಣವೋ ಕಣಜವೋ ಹೊರಬಂದರೆ ಅದನ್ನೂ ದಾಖಲಿಸಿ, ಹೆಸರಿನ ಹೊಲದ ಕಡೆಗೆ ಬಿಟ್ಟುಬಿಡಬೇಕು.